ಕಣ್ಣಪ್ಪನ ಕಥೆ: ಹಾಡು ಹೇಳುವುದೆಷ್ಟು, ಕೇಳುವವನು ತಿಳಿದಿರುವುದೆಷ್ಟು

೧

ಹಾಡಿನ ಮೂಲಕ ಕಥೆ ಹೇಳುವ ಕಲೆ ನಮ್ಮಲ್ಲಿ ದಿನೇ ದಿನೇ ಕ್ಷೀಣಿಸುತ್ತಿದೆಯೆಂಬ ಮಾತು ವಿದ್ವಾಂಸರ ಗೋಷ್ಠಿಗಳಲ್ಲಿಯೂ ಸಾಮಾನ್ಯ ರಸಿಕರ ಸಂಭಾಷಣೆಯಲ್ಲಿಯೂ ಆಗಾಗ ಕೇಳಿಬರುತ್ತದೆ. ಹಿಂದೆ ಇರುಳೆಲ್ಲ ನಡೆಯುತ್ತಿದ್ದ ಪ್ರಸಂಗ ಈಗ ಮೂರು ಗಂಟೆಗೆ ಇಳಿದಿದೆ. ಮೂರು ಗಂಟೆಯ ಹರಿಕಥೆಯ ಸ್ಥಾನದಲ್ಲಿ ಮೂರು ನಿಮಿಷದ ಚಿತ್ರಗೀತೆ ಬಂದು ಕುಳಿತಿದೆ. ಆದುದರಿಂದ ಕಥನವು ಸೊರಗಿ ಗೀತವು ಮಾತ್ರ ಉಳಿದಿದೆ ಎಂಬುದು ಈ ವಾದದ ಸಾರ. ಈ ಅಳತೆ ಮೇಲುನೋಟಕ್ಕೆ ಸರಿಯೆಂದೇ ತೋರುತ್ತದೆ. ಆದರೆ ಕಾಲದ ಉದ್ದವೊಂದನ್ನೇ ಮಾನದಂಡವಾಗಿ ಹಿಡಿದರೆ, ನಮ್ಮ ಪರಂಪರೆಯ ಅತ್ಯಂತ ಪ್ರಾಚೀನವಾದ ಕೆಲವು ಕಥನಗೀತಗಳೇ ಅತ್ಯಂತ ಸಂಕ್ಷಿಪ್ತವಾಗಿರುವುದಕ್ಕೆ ಕಾರಣ ಹೇಳಲು ಸಾಧ್ಯವಾಗುವುದಿಲ್ಲ.

ಈ ಲೇಖನದಲ್ಲಿ ನಾವು ಬೇರೊಂದು ಮಾನದಂಡವನ್ನು ಪರೀಕ್ಷಿಸಬೇಕೆಂದಿದ್ದೇವೆ. ಒಂದು ಹಾಡು ಕಥೆಯನ್ನು ಎಷ್ಟು ಬಿಡಿಸಿ ಹೇಳುತ್ತದೆಂಬುದು, ಅದನ್ನು ಕೇಳುವವರಿಗೆ ಆ ಕಥೆ ಮೊದಲೇ ಎಷ್ಟು ತಿಳಿದಿದೆಯೆಂಬುದನ್ನು ಅವಲಂಬಿಸಿರುತ್ತದೆ. ಬಲ್ಲವರ ನಡುವೆ ಹಾಡುವವನು ಹೆಸರನ್ನು ಹೇಳಿದರೆ ಸಾಕು. ಅರಿಯದವರ ನಡುವೆ ಹಾಡುವವನು ಊರು, ಕುಲ, ತಂದೆ, ತಾಯಿ ಎಲ್ಲವನ್ನೂ ಹೇಳಬೇಕು. ಹೀಗಾಗಿ ಕಥನಸಂಗೀತದ ರೂಪಾಂತರಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಕೇಳುಗರ ತಿಳಿವಳಿಕೆಯ ಚರಿತ್ರೆಯೇ. ಈ ಸಂಗತಿ ಹೊರನಾಡಿನ ಕನ್ನಡಿಗರಾದ ನಮಗೆ ಕೇವಲ ಪಾಂಡಿತ್ಯದ ವಿಷಯವಲ್ಲವೆಂಬುದು ಕೊನೆಯಲ್ಲಿ ಸ್ಪಷ್ಟವಾದೀತು.

ಉದಾಹರಣೆಗೆ ಬೇಡರ ಕಣ್ಣಪ್ಪನ ಕಥೆಯನ್ನು ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣಗಳು ಮೂರು. ಮೊದಲನೆಯದಾಗಿ, ಇದು ತಮಿಳಿಗೂ ಕನ್ನಡಕ್ಕೂ ತೆಲುಗಿಗೂ ಸಮಾನವಾದ ಸ್ವತ್ತು. ಎರಡನೆಯದಾಗಿ, ಕಥೆ ನಡೆದ ಕಾಳಹಸ್ತಿ ನಮ್ಮ ಪೆರಂಬೂರಿನಿಂದ ನೂರು ಕಿಲೋಮೀಟರಿಗೆ ತುಸು ಮೇಲೆ ಇದೆ. ಅಲ್ಲಿಯ ಕಣ್ಣಪ್ಪನ ಬೆಟ್ಟವನ್ನು ಹತ್ತಿ ಬಂದವರು ನಮ್ಮ ವಾಚಕರಲ್ಲಿ ಅನೇಕರಿರಬೇಕು. ಮೂರನೆಯದಾಗಿ, ಈ ಕಥೆ ಕನ್ನಡದಲ್ಲಿ ಬೆಳ್ಳಿತೆರೆಗೆ ಏರಿದುದು ಇದೇ ನಗರದಲ್ಲಿ, ೧೯೫೪ರಲ್ಲಿ.

೨

ತಮಿಳಿನಲ್ಲಿ ಈ ಕಥೆ ಬೆಳೆದು ಬಂದ ಬಗೆ ನಮ್ಮ ವಿಷಯಕ್ಕೆ ಬಹಳ ಸಹಾಯಕವಾಗಿದೆ. ಸುಂದರಮೂರ್ತಿ ನಾಯನಾರರ 'ತಿರುತ್ತೊಂಡತ್ತೊಗೈ' ಹನ್ನೊಂದು ಪದ್ಯಗಳ ಒಂದು ಸ್ತೋತ್ರ. ಶಿವಭಕ್ತರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಅವರಿಗೆಲ್ಲ ತಾನು ಅಡಿಯಾಳು ಎಂದು ಕವಿ ಹಾಡುತ್ತಾನೆ. ಅದರಲ್ಲಿ ಕಣ್ಣಪ್ಪನಿಗೆ ದೊರೆತಿರುವುದು ಒಂದು ವಿಶೇಷಣ, ಒಂದು ಹೆಸರು, ಅಷ್ಟೆ. ಬಿಲ್ಲಿಲ್ಲ, ಬಾಣವಿಲ್ಲ, ಕಣ್ಣಿಲ್ಲ, ನೆತ್ತರಿಲ್ಲ. ಆದರೂ ಅದನ್ನು ಕಥನವಲ್ಲವೆಂದು ತಳ್ಳಿಹಾಕಲಾಗದು. ದೇವಾಲಯದಲ್ಲಿ ಅದನ್ನು ಕೇಳುತ್ತಿದ್ದವರಿಗೆ ಆ ಹೆಸರೇ ಕಥೆಯಾಗಿತ್ತು. ಹಾಡು ಅವರ ನೆನಪನ್ನು ಮುಟ್ಟಿ ಮುಂದೆ ಸಾಗುತ್ತಿತ್ತು.

ಮುಂದೆ ನಂಬಿಯಾಂಡಾರ್ ನಂಬಿಯು ಈ ಪಟ್ಟಿಯನ್ನೇ ಹಿಡಿದು 'ತಿರುತ್ತೊಂಡರ್ ತಿರುವಂದಾದಿ'ಯನ್ನು ರಚಿಸಿ, ಪ್ರತಿಯೊಬ್ಬ ಭಕ್ತನಿಗೂ ಸುಮಾರಾಗಿ ಒಂದೊಂದು ಪದ್ಯದಷ್ಟು ಅವಕಾಶ ಕೊಟ್ಟನು. ಬಳಿಕ ೧೨ನೆಯ ಶತಮಾನದಲ್ಲಿ ಸೇಕ್ಕಿಳಾರನು 'ಪೆರಿಯ ಪುರಾಣ'ವನ್ನು ಬರೆದನು. ಈತನ ಊರಾದ ಕುಂಡ್ರತ್ತೂರು ಇಂದಿನ ಚೆನ್ನೈಯ ಅಂಚಿನಲ್ಲಿಯೇ ಇದೆ. ನಾಲ್ಕು ಸಾವಿರಕ್ಕೂ ಹೆಚ್ಚು ಪದ್ಯಗಳ ಆ ಗ್ರಂಥದಲ್ಲಿ ಕಣ್ಣಪ್ಪನಿಗೆ ಮೊತ್ತಮೊದಲು ಒಂದು ಬಾಳು ದೊರೆಯುತ್ತದೆ. ತಿಣ್ಣನೆಂಬ ಬಾಲಕ, ಬೇಡರ ಒಡೆಯನಾದ ತಂದೆ ನಾಗ, ತಾಯಿ ತತ್ತೈ, ಸಂಗಡಿಗರಾದ ನಾಣನ್ ಮತ್ತು ಕಾಡನ್, ಮೊದಲ ಬೇಟೆ, ಹಂದಿಯನ್ನು ಅಟ್ಟಿಕೊಂಡು ಹೋಗುವುದು, ಬೆಟ್ಟವನ್ನು ಏರುವುದು, ಎಲ್ಲವೂ ಕ್ರಮವಾಗಿ ಬರುತ್ತವೆ.

ಒಂದು ಹೆಸರು ಒಂದು ಪದ್ಯವಾಗಿ, ಒಂದು ಪದ್ಯ ಒಂದು ಕಾವ್ಯಭಾಗವಾಗಿ ಏಕೆ ಬೆಳೆಯಿತು? ಪರಂಪರೆ ಇದಕ್ಕೆ ಒಂದು ಉತ್ತರವನ್ನು ಹೇಳುತ್ತದೆ. ಚೋಳ ಅರಸನು ಜೈನಕಾವ್ಯವಾದ 'ಜೀವಕ ಚಿಂತಾಮಣಿ'ಯಲ್ಲಿ ಮನಸ್ಸಿಟ್ಟಿದ್ದನೆಂದೂ, ಅವನನ್ನು ಶಿವಭಕ್ತರ ಕಥೆಗಳ ಕಡೆಗೆ ತಿರುಗಿಸಲು ಸೇಕ್ಕಿಳಾರನು ಈ ಕಾವ್ಯವನ್ನು ರಚಿಸಿದನೆಂದೂ ಅದು ಹೇಳುತ್ತದೆ. ಈ ಐತಿಹ್ಯ ಚರಿತ್ರೆಯಾಗಿ ನಿಲ್ಲಲಿ ಬಿಡಲಿ, ವಿಮರ್ಶೆಯಾಗಿ ಅದು ಸೂಕ್ಷ್ಮವಾಗಿದೆ. ಕೇಳುವವನು ಭಕ್ತರ ಕೂಟದವನಲ್ಲ, ಬೇರೆ ಕಥೆಗಳ ರುಚಿ ಹತ್ತಿದವನು. ಅವನಿಗೆ ಬರಿಯ ಹೆಸರು ಸಾಲದು ಎಂಬ ಅರಿವು ಅದರಲ್ಲಿ ಅಡಗಿದೆ.

ಸೇಕ್ಕಿಳಾರನ ಕಥನದ ತಿರುಳು ಕಣ್ಣನ್ನು ಕೀಳುವ ಗಳಿಗೆಯಲ್ಲಿ ಮಾತ್ರ ಇಲ್ಲ. ಅದಕ್ಕೆ ಮುಂಚಿನ ದಿನಗಳ ನಿಧಾನದಲ್ಲಿದೆ. ಬೆಟ್ಟದ ಮೇಲೆ ದೇವರು ಒಬ್ಬನೇ ಇದ್ದಾನೆ, ಅವನಿಗೆ ಊಟವಿಲ್ಲ, ಜೊತೆಯಿಲ್ಲ ಎಂಬುದು ತಿಣ್ಣನ ಮೊದಲ ಚಿಂತೆ. ಮಾಂಸವನ್ನು ಸುಟ್ಟು, ರುಚಿ ನೋಡಿ, ಒಳ್ಳೆಯದನ್ನು ಆರಿಸಿ ಎಲೆಯ ದೊನ್ನೆಯಲ್ಲಿ ಇಡುತ್ತಾನೆ; ಹೂವನ್ನು ತಲೆಯಲ್ಲಿ ಮುಡಿದು, ನೀರನ್ನು ಬಾಯಲ್ಲಿ ತುಂಬಿಕೊಂಡು ತರುತ್ತಾನೆ; ಇರುಳೆಲ್ಲ ಬಿಲ್ಲು ಹಿಡಿದು ಕಾಯುತ್ತಾನೆ. ಬೆಳಗಾದರೆ ಅರ್ಚಕನಾದ ಶಿವಕೋಚರಿಯಾರ್ ಬಂದು, ಎಲುಬು ಮಾಂಸಗಳನ್ನು ಕಂಡು ನೊಂದು, ಎಲ್ಲವನ್ನೂ ತೊಳೆದು ಮತ್ತೆ ಆಗಮವಿಧಿಯಿಂದ ಪೂಜಿಸುತ್ತಾನೆ. ದಿನದಿನವೂ ಇದೇ ನಡೆಯುತ್ತದೆ. ಕೊನೆಗೆ ಆರನೆಯ ದಿನ ದೇವರ ಕಣ್ಣಿನಿಂದ ರಕ್ತ ಸುರಿಯುತ್ತದೆ. ಇಲ್ಲಿ ಅರ್ಚಕನು ದುಷ್ಟನಲ್ಲವೆಂಬುದನ್ನು ವಾಚಕರು ಗಮನದಲ್ಲಿಡಬೇಕು. ಅವನದೂ ಪೂಜೆಯೇ, ಬೇಡನದೂ ಪೂಜೆಯೇ. ಒಬ್ಬನ ಶುದ್ಧಿ ಇನ್ನೊಬ್ಬನ ಕಣ್ಣಿಗೆ ಕೊಳೆಯಾಗುವ ಈ ಸರದಿಯನ್ನು ತಾಳವಿಲ್ಲದ ವಿರುತ್ತದ ಧಾಟಿಯಲ್ಲಿ ನಿಧಾನವಾಗಿ ಹಾಡಿದಾಗಲೇ ಅದರ ತೂಕ ಕೇಳುವವನಿಗೆ ತಿಳಿಯುತ್ತದೆ.

೩

ಕನ್ನಡದಲ್ಲಿ ಈ ಕಥೆಯನ್ನು ಹಾಡಿಗೆ ತಂದ ಹಿರಿಯ ಕವಿ ಹಂಪೆಯ ಹರಿಹರ. ಅವನಿಗೆ ತಮಿಳಿನ ಮೂಲ ಯಾವ ದಾರಿಯಿಂದ ದೊರೆಯಿತೆಂಬ ಚರ್ಚೆ ಪ್ರಕೃತ ಅಗತ್ಯವಿಲ್ಲ. ನಮಗೆ ಬೇಕಾದುದು ಇಷ್ಟು: ತಮಿಳುನಾಡಿನ ಪುರಾತನರನ್ನು ಕನ್ನಡದ ಕಿವಿಗೆ ಪರಿಚಯಿಸುವ ಹೊಣೆಯನ್ನು ಹೊತ್ತ ಹರಿಹರನು ಕಂದವೃತ್ತಗಳ ಚಂಪುವನ್ನು ಆ ಕೆಲಸಕ್ಕೆ ಬಳಸದೆ ರಗಳೆಯನ್ನು ಹಿಡಿದನು. 'ಗಿರಿಜಾಕಲ್ಯಾಣ'ದಂಥ ಚಂಪುವನ್ನು ಬರೆಯಬಲ್ಲ ಕವಿ ಇದನ್ನು ಮಾಡಿದನೆಂದ ಮೇಲೆ, ಅದು ಅಶಕ್ತಿಯಿಂದ ಆದ ಆಯ್ಕೆಯಲ್ಲವೆಂಬುದು ನಿಶ್ಚಯ.

ರಗಳೆಗೆ ಇಷ್ಟೇ ಸಾಲು ಎಂಬ ಕಟ್ಟಿಲ್ಲ. ಎರಡೆರಡು ಸಾಲಿಗೆ ಪ್ರಾಸ ಬಿಗಿಯುತ್ತದೆ. ಮೂರು, ನಾಲ್ಕು ಅಥವಾ ಐದು ಮಾತ್ರೆಯ ಗಣಗಳು ಒಂದೇ ಸಮನಾಗಿ ಬೀಳುತ್ತವೆ. ಕವಿಗೆ ನಿಲ್ಲಬೇಕೆನಿಸಿದಾಗ ನಿಲ್ಲುತ್ತಾನೆ, ಓಡಬೇಕೆನಿಸಿದಾಗ ಓಡುತ್ತಾನೆ. ವೃತ್ತವೊಂದು ನಾಲ್ಕು ಪಾದಗಳಲ್ಲಿ ಮುಗಿದು ಕೇಳುಗನನ್ನು ಮೆಚ್ಚಲು ನಿಲ್ಲಿಸುತ್ತದೆ. ರಗಳೆ ಅವನನ್ನು ಕೈಹಿಡಿದು ಎಳೆದುಕೊಂಡು ಹೋಗುತ್ತದೆ. ಅರಿಯದ ಕಥೆಯನ್ನು ಕೇಳುವವನ ಮನಸ್ಸಿನಲ್ಲಿ ಎದ್ದುನಿಲ್ಲುವ 'ಮುಂದೇನಾಯಿತು' ಎಂಬ ಪ್ರಶ್ನೆಗೆ ಇದಕ್ಕಿಂತ ಒಪ್ಪುವ ಮಟ್ಟು ಬೇರೊಂದಿರಲಾರದು. ಕ್ರಿಯಾಪದದ ಮೇಲೆ ಕ್ರಿಯಾಪದ ಹೇರಿಬರುವ ಹರಿಹರನ ಆವೇಶದ ಶೈಲಿಯನ್ನು ಕೆಲವರು ಅತಿಯೆಂದು ಆಕ್ಷೇಪಿಸಿರುವುದುಂಟು. ಓದುವ ಕಣ್ಣಿಗೆ ಅದು ಅತಿಯಾದೀತು. ಕೇಳುವ ಕಿವಿಗೆ ಅದೇ ಉಸಿರು.

ಹರಿಹರನ ತರುವಾಯ ಕನ್ನಡದ ಕಥನಕಾವ್ಯ ಷಟ್ಪದಿಗೆ ತಿರುಗಿತು. ಅವನ ಸೋದರಳಿಯನೆನ್ನಲಾದ ರಾಘವಾಂಕನು ವಾರ್ಧಕದಲ್ಲಿ, ಭೀಮಕವಿಯು ೧೩೬೯ರ 'ಬಸವಪುರಾಣ'ದಲ್ಲಿ ಭಾಮಿನಿಯಲ್ಲಿ, ಮುಂದೆ ಕುಮಾರವ್ಯಾಸನು ಅದೇ ಭಾಮಿನಿಯಲ್ಲಿ ಹಾಡಿದರು. ಭಾಮಿನಿಯ ಒಂದು ಪದ್ಯದಲ್ಲಿ ಒಟ್ಟು ೧೦೨ ಮಾತ್ರೆಗಳು. ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬಂದು, ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಉದ್ದವಾಗಿ ಚಾಚಿ ನಿಲ್ಲುತ್ತವೆ. ಈ ಚಾಚಿದ ಸಾಲಿನ ಕೊನೆಯ ಗುರುವಿನ ಮೇಲೆ ಗಮಕಿ ತನ್ನ ರಾಗವನ್ನು ಹರಡುತ್ತಾನೆ. ಅಂದರೆ ಕಥೆ ಹೇಳುವುದಕ್ಕೆ ಒಂದು ಜಾಗ, ಕಥೆಯನ್ನು ಅನುಭವಿಸುವುದಕ್ಕೆ ಒಂದು ಜಾಗ, ಎರಡನ್ನೂ ಛಂದಸ್ಸೇ ಏರ್ಪಡಿಸಿಕೊಟ್ಟಿದೆ.

ಕಾಲ ಕಳೆದಂತೆ ಇನ್ನೊಂದು ಬದಲಾವಣೆ ಒದಗಿತು. ಕಾವ್ಯದ ಭಾಷೆ ಜನರ ಆಡುಮಾತಿನಿಂದ ದೂರವಾಯಿತು. ಆಗ ಗಮಕಿಯ ಪಕ್ಕದಲ್ಲಿ ವ್ಯಾಖ್ಯಾನಕಾರನೊಬ್ಬನು ಬಂದು ಕುಳಿತನು. ಒಬ್ಬನು ಪದ್ಯವನ್ನು ರಾಗವಾಗಿ ವಾಚಿಸುವುದು, ಇನ್ನೊಬ್ಬನು ಅದನ್ನು ಬಿಡಿಸಿ ಹೇಳುವುದು, ಇವು ಕೂಡಿ ನಡೆದರೆ ಒಂದು ಸಭೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಗಳು ಈ ವಾಚನಕಲೆಯ ಹಿರಿಯ ಪ್ರತಿನಿಧಿಗಳಾಗಿದ್ದರು. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು, ಆ ವರ್ಷದ ಕೊನೆಯಲ್ಲಿಯೇ ಅವರು ತೀರಿಕೊಂಡರು. ವ್ಯಾಖ್ಯಾನದಲ್ಲಿ ಹಾಗೆಯೇ ಹೆಸರಾದವರು ಮತ್ತೂರು ಕೃಷ್ಣಮೂರ್ತಿಗಳು. ಕರಾವಳಿಯ ತಾಳಮದ್ದಳೆಯಲ್ಲಿಯೂ ಏರ್ಪಾಡು ಇದೇ ಬಗೆಯದು: ಭಾಗವತನು ಪ್ರಸಂಗದ ಪದವನ್ನು ಹಾಡಿದರೆ, ಅರ್ಥಧಾರಿಯು ಅದನ್ನು ಮಾತಾಗಿ ಬೆಳೆಸುತ್ತಾನೆ. ವ್ಯಾಖ್ಯಾನವನ್ನು ಕಲೆಯ ಅವನತಿಯ ಗುರುತೆಂದು ಭಾವಿಸುವುದು ತಪ್ಪು. ಕೇಳುಗನ ತಿಳಿವಳಿಕೆ ಒಂದು ಕಡೆಯಲ್ಲಿ ಕುಗ್ಗಿದಾಗ, ಕಲೆ ತನ್ನೊಳಗೇ ಒಂದು ಹೊಸ ಅಂಗವನ್ನು ಬೆಳೆಸಿಕೊಂಡು ಆ ಕೊರತೆಯನ್ನು ತುಂಬಿತು ಎಂದು ತಿಳಿಯುವುದೇ ಯುಕ್ತ.

೪

ಈ ಇಬ್ಬರ ಕೆಲಸವನ್ನು ಒಬ್ಬನೇ ಮಾಡಿದರೆ ಅದು ಹರಿಕಥೆ. ನಮ್ಮ ನಗರದಲ್ಲಿ ಬೇರೂರಿದ ಕಥಾಕಾಲಕ್ಷೇಪದ ರೂಪವನ್ನು ಹದಗೊಳಿಸಿದವರು ತಂಜಾವೂರು ಕೃಷ್ಣ ಭಾಗವತರು. ಅವರು ೧೯೦೩ರಲ್ಲಿ ತೀರಿಕೊಂಡರು. ತಂಜಾವೂರಿಗೆ ಬರುತ್ತಿದ್ದ ಮರಾಠಿ ಕೀರ್ತನಕಾರರ ಸಾಕಿ, ದಿಂಡಿ, ಓವಿ, ಅಭಂಗಗಳನ್ನು ಕರ್ನಾಟಕ ಸಂಗೀತದ ಕೃತಿಗಳೊಡನೆ ಅವರು ಬೆಸೆದರು. ಒಂದೊಂದು ಮಟ್ಟಿಗೂ ಒಂದೊಂದು ಕೆಲಸ: ಒಂದು ಕಥೆಯನ್ನು ಮುಂದಕ್ಕೆ ನೂಕುತ್ತದೆ, ಒಂದು ವರ್ಣಿಸುತ್ತದೆ, ಒಂದು ಭಾವದಲ್ಲಿ ನಿಲ್ಲುತ್ತದೆ. ಮೈಸೂರು ಸೀಮೆಯಿಂದ ಬಂದು ಮದರಾಸಿನಲ್ಲಿ ನೆಲೆಸಿದ ಬೆಂಗಳೂರು ನಾಗರತ್ನಮ್ಮನವರಿಗೆ (೧೮೭೮–೧೯೫೨) ಕಚೇರಿಯಷ್ಟೇ ಹರಿಕಥೆಯೂ ಒಲಿದಿತ್ತು. ಹರಿಕಥೆಯ ವೇದಿಕೆಯನ್ನು ಏರಿದ್ದಕ್ಕಾಗಿ ಸಿ. ಸರಸ್ವತಿಬಾಯಿಯವರು ಎದುರಿಸಿದ ವಿರೋಧ ಈ ನಗರದ ಸಂಗೀತಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ೧೯೮೨ರಲ್ಲಿ ಎಂಬಾರ್ ವಿಜಯರಾಘವಾಚಾರ್ಯರಿಗೆ ಸಂಗೀತ ಕಲಾನಿಧಿ ಗೌರವ ಸಂದಾಗ, ಕಥೆ ಹೇಳುವವನೂ ಸಂಗೀತಗಾರನೇ ಎಂಬ ಮಾತಿಗೆ ಮದರಾಸಿನ ಸಂಗೀತ ಅಕಾಡೆಮಿಯ ಮುದ್ರೆ ಬಿದ್ದಿತು.

ತಮಿಳಿನ ಕಥನಗೀತಗಳಲ್ಲಿ ಗೋಪಾಲಕೃಷ್ಣ ಭಾರತಿಯ 'ನಂದನಾರ್ ಚರಿತ್ರಂ' ನಮ್ಮ ವಿಷಯಕ್ಕೆ ಒಂದು ಮುಖ್ಯವಾದ ಸೂಚನೆಯನ್ನು ಕೊಡುತ್ತದೆ. ನಂದನಾರನ ಕಥೆ ಸೇಕ್ಕಿಳಾರನಲ್ಲಿ ಚಿಕ್ಕದು. ಅಲ್ಲಿ ಅವನನ್ನು ಪೀಡಿಸುವ ಒಡೆಯನಿಲ್ಲ. ೧೯ನೆಯ ಶತಮಾನದ ಭಾರತಿಯು ಬ್ರಾಹ್ಮಣ ಜಮೀನುದಾರನೊಬ್ಬನನ್ನು ಕಥೆಗೆ ತಂದನು. ಭಕ್ತಿಯೊಂದನ್ನೇ ಆಧಾರವಾಗಿ ಹಿಡಿದು ಕೇಳದ ಹೊಸ ಸಭಿಕರಿಗೆ ಕಥೆಯಲ್ಲೊಬ್ಬ ಎದುರಾಳಿ ಬೇಕಾಗುತ್ತಾನೆ. ಏಕೆಂದರೆ ಸಂಘರ್ಷವನ್ನು ಅರಿಯಲು ಸಂಪ್ರದಾಯದ ಪೂರ್ವಜ್ಞಾನ ಬೇಡ. ಇದೇ ಮಾತು ಕಣ್ಣಪ್ಪನ ಕಥೆಗೂ ಅನ್ವಯಿಸುವುದನ್ನು ಮುಂದೆ ನೋಡುತ್ತೇವೆ.

ಇದೇ ಕಾಲದಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಚಲನೆಯೂ ನಡೆಯಿತು. ಕಥೆಯ ನಡುವಿನಿಂದ ಹಾಡುಗಳು ಬಿಡಿಬಿಡಿಯಾಗಿ ಕಚೇರಿಯ ವೇದಿಕೆಗೆ ಬಂದವು. ದಾಸರ ಪದಗಳ ಗತಿಯೂ ಹೀಗೆಯೇ ಆಯಿತು. ಲಲಿತಾಂಗಿಯವರು ಸಂಗ್ರಹಿಸಿದ ಪುರಂದರದಾಸರ ಪದಗಳನ್ನು ಅವರ ಮಗಳು ಎಂ.ಎಲ್. ವಸಂತಕುಮಾರಿಯವರು (೧೯೨೮–೧೯೯೦) ಮದರಾಸಿನ ಕಚೇರಿಗಳಲ್ಲಿ ಮನೆಮಾತಾಗುವಂತೆ ಹಾಡಿದರು. ಕನ್ನಡ ಬಾರದ ಸಾವಿರಾರು ಮಂದಿ ಕನ್ನಡ ಪದಗಳಿಗೆ ತಲೆದೂಗಿದುದು ನಮಗೆ ಹೆಮ್ಮೆಯ ವಿಷಯವೇ. ಆದರೆ ವಿಮರ್ಶಕನು ಇನ್ನೊಂದು ಸಂಗತಿಯನ್ನೂ ನೋಡಬೇಕು. ಗಜೇಂದ್ರ, ಅಜಾಮಿಳ, ಪ್ರಹ್ಲಾದ, ಪಾಂಚಾಲಿ ಎಂದು ಹೆಸರುಗಳನ್ನು ಪೋಣಿಸುವ ದಾಸರ ಪದವು ಸುಂದರರ ಸ್ತೋತ್ರದ ಜಾತಿಗೆ ಸೇರಿದ್ದು. ಅದು ಕಥೆಯನ್ನು ಹೇಳುವುದಿಲ್ಲ. ಕೇಳುವವನ ಒಳಗಿರುವ ಕಥೆಯನ್ನು ಎಬ್ಬಿಸುತ್ತದೆ. ಒಳಗೆ ಕಥೆಯಿಲ್ಲದವನಿಗೆ ಅಲ್ಲಿ ದೊರೆಯುವುದು ರಾಗ ಮಾತ್ರ. ರಾಗವೇನೂ ಅಲ್ಪವಲ್ಲ, ಆದರೆ ದಾಸರು ಕೊಡಬಯಸಿದ್ದು ಅಷ್ಟನ್ನೇ ಅಲ್ಲ.

೫

ಈಗ ಬೆಳ್ಳಿತೆರೆಗೆ ಬರೋಣ. ಗುಬ್ಬಿ ವೀರಣ್ಣನವರ ಕಂಪೆನಿಯ ರಂಗಭೂಮಿಯಿಂದ ಬಂದ 'ಬೇಡರ ಕಣ್ಣಪ್ಪ' ೧೯೫೪ರಲ್ಲಿ ಎಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ರಾಜಕುಮಾರರು ನಾಯಕರಾಗಿ ಕಾಣಿಸಿಕೊಂಡ ಮೊದಲ ಚಿತ್ರವಿದು. ಪಂಢರಿಬಾಯಿ, ನರಸಿಂಹರಾಜು, ಜಿ.ವಿ. ಅಯ್ಯರ್ ಮೊದಲಾದವರು ಇದರಲ್ಲಿದ್ದರು. ಸಂಗೀತ ಆರ್. ಸುದರ್ಶನಂ ಅವರದು. ನಾಯಕನ ಹಾಡಿಗೆ ಕಂಠ ಕೊಟ್ಟವರು ತಮಿಳಿನ ಸಿ.ಎಸ್. ಜಯರಾಮನ್. ಅದೇ ವರ್ಷ ತೆಲುಗಿನಲ್ಲಿಯೂ ಈ ಕಥೆ 'ಕಾಳಹಸ್ತಿ ಮಹಾತ್ಮ್ಯಂ' ಎಂಬ ಹೆಸರಿನಿಂದ ರಾಜಕುಮಾರರ ಅಭಿನಯದಲ್ಲಿಯೇ ಬಂದಿತು. ೧೬ನೆಯ ಶತಮಾನದಲ್ಲಿ ಧೂರ್ಜಟಿಯು ಕಾಳಹಸ್ತಿಯ ಮಹಾತ್ಮ್ಯವನ್ನು ಕಾವ್ಯವಾಗಿ ಹಾಡಿದ್ದ ನಾಡಿಗೆ ಆ ಹೆಸರು ಹೊಸದೇನೂ ಅಲ್ಲ. ಹೀಗೆ ತಮಿಳು ಮಣ್ಣಿನಲ್ಲಿ ಕನ್ನಡ ಮಾತು ತಮಿಳು ಕಂಠದಿಂದ ಹೊರಟು ಕನ್ನಡಿಗರ ಮನೆ ಸೇರಿತು.

ಕಥೆಯಲ್ಲಿ ಆದ ಬದಲಾವಣೆಗಳು ಗಮನಾರ್ಹವಾಗಿವೆ. ನಾಯಕನಾದ ದಿಣ್ಣನಿಗೆ ನೀಲೆಯೆಂಬ ಮಡದಿ ಇದ್ದಾಳೆ. ಇಬ್ಬರೂ ದೇವಲೋಕದಿಂದ ಭೂಮಿಗಿಳಿದು ಬೇಡರ ಕುಲದಲ್ಲಿ ಹುಟ್ಟಿದವರು. ಸೇಕ್ಕಿಳಾರನ ಸಾಧುವಾದ ಅರ್ಚಕನ ಸ್ಥಾನದಲ್ಲಿ ದುರಾಸೆಯ ಅರ್ಚಕನೊಬ್ಬನು ಬಂದಿದ್ದಾನೆ. ದೇವರ ಒಡವೆಯ ಕಳವು, ಅಮಾಯಕನಾದ ಬೇಡನ ಮೇಲೆ ಅದರ ಆರೋಪ, ಅವನಿಗೆ ಹಿಂಸೆ ಎಂದು ಕಥೆ ಹರಿಯುತ್ತದೆ. ನಂದನಾರನ ಕಥೆಗೆ ಜಮೀನುದಾರನು ಬಂದ ಹಾಗೆಯೇ ಇಲ್ಲಿ ಕಪಟಿಯಾದ ಅರ್ಚಕನು ಬಂದಿದ್ದಾನೆ, ಕಾರಣವೂ ಅದೇ. ಇದರಿಂದ ಆದ ನಷ್ಟವನ್ನು ಮುಚ್ಚಿಡಬೇಕಾಗಿಲ್ಲ. ಎರಡು ಪೂಜೆಗಳೂ ಸತ್ಯವಾಗಿದ್ದು, ಒಂದು ಇನ್ನೊಂದನ್ನು ಅರಿಯಲಾರದ ಆ ಸೂಕ್ಷ್ಮವು ಒಳ್ಳೆಯವನು ಕೆಟ್ಟವನು ಎಂಬ ಸರಳವಾದ ವಿಭಾಗದಲ್ಲಿ ಮರೆಯಾಯಿತು. ಆದರೆ ಲಾಭವೂ ಉಂಟು. ಗರ್ಭಗುಡಿಯ ಹೊಸ್ತಿಲಿನ ಹೊರಗೆ ನಿಂತವನ ಅವಮಾನವೇನೆಂಬುದು ೧೯೫೪ರ ಪ್ರೇಕ್ಷಕನಿಗೆ ಯಾವ ಪುರಾಣಜ್ಞಾನವೂ ಇಲ್ಲದೆ ಅರ್ಥವಾಯಿತು.

ಹಾಡಿನ ವಿಷಯದಲ್ಲಿ ಈ ಚಿತ್ರ ಇನ್ನೂ ಕುತೂಹಲಕರವಾಗಿದೆ. ಜನರ ನಾಲಗೆಯಲ್ಲಿ ಇಂದಿಗೂ ಉಳಿದಿರುವುದು ಕಣ್ಣನ್ನು ಅರ್ಪಿಸುವ ಗಳಿಗೆಯ ಹಾಡಲ್ಲ. ಹಸಿವು ತಾಳಲಾರದೆ ಬೇಡನು ಶಿವನಿಗೆ ಮೊರೆಯಿಡುವ ಹಾಡು. ಬಾಣದ ಮೊನೆ ಕಣ್ಣಿನ ಬಳಿಗೆ ಬರುವುದನ್ನು ಚಿತ್ರವೇ ತೋರಿಸುತ್ತದೆ. ಹಾಡು ಅದನ್ನು ವರ್ಣಿಸಬೇಕಾಗಿಲ್ಲ. ಕಥೆ ಹೇಳುವ ಹೊಣೆ ಕಣ್ಣಿಗೆ ಹೋದಾಗ ಕಿವಿಗೆ ಉಳಿಯುವುದು ಪಾತ್ರದ ಒಳಗು. ಆ ಹಾಡಿನಲ್ಲಿ ಬೇಡನು ತನಗೆ ಪೂಜಾವಿಧಿ ತಿಳಿಯದೆಂದು ಒಪ್ಪಿಕೊಂಡು, ಹಸಿವನ್ನು ಮಾತ್ರ ಮುಂದಿಡುತ್ತಾನೆ. ಇಲ್ಲೊಂದು ಸೊಗಸಿದೆ. ಸೇಕ್ಕಿಳಾರನ ತಿಣ್ಣನ ಮನಸ್ಸನ್ನು ಕಲಕಿದುದು ದೇವರ ಹಸಿವು. ಚಿತ್ರದ ದಿಣ್ಣನು ಹಾಡುವುದು ತನ್ನ ಹಸಿವನ್ನು. ತಾನು ಹಸಿದವನಿಗೆ ಇನ್ನೊಬ್ಬನ ಹಸಿವು ತಿಳಿಯುತ್ತದೆ. ಮುಂದೆ ಅವನು ದೇವರಿಗೆ ಮಾಂಸವನ್ನು ಉಣಿಸಹೋಗುವುದರ ಕಾರಣ ಈ ಹಾಡಿನಲ್ಲಿಯೇ ಅಡಗಿದೆ. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ಮೂರೂವರೆ ನಿಮಿಷ ಹಿಡಿಯುವ ಹಾಡು ಕಥೆಯ ಘಟನೆಗಳನ್ನು ಹೊರಲಾರದು, ನಿಜ. ಆದರೆ ಘಟನೆಗಳ ಬೀಜವನ್ನು ಹೊರಬಲ್ಲದೆಂಬುದಕ್ಕೆ ಇದು ಸಾಕ್ಷಿ. ಆದುದರಿಂದ ಚಿತ್ರಗೀತೆಯನ್ನು ಕಥನಸಂಗೀತದ ಶತ್ರುವೆಂದು ಬಗೆಯುವವರೊಡನೆ ನಮ್ಮ ಸಮ್ಮತಿಯಿಲ್ಲ.

ಹಾಗೆಂದ ಮಾತ್ರಕ್ಕೆ ತೊಡಕು ಇಲ್ಲವೆಂದಲ್ಲ. ಆ ಹಾಡು ಚಿತ್ರದಿಂದ ಬೇರೆಯಾಗಿ ತಟ್ಟೆಯಲ್ಲಿ, ಆಕಾಶವಾಣಿಯಲ್ಲಿ, ಮುಂದೆ ಕ್ಯಾಸೆಟ್ಟಿನಲ್ಲಿ, ಈಗ ಕೈಯೊಳಗಿನ ಮೊಬೈಲಿನಲ್ಲಿ ಕೇಳಿಸತೊಡಗಿದಾಗ, ಮತ್ತೆ ಅದು ಬಲ್ಲವರ ಹಾಡೇ ಆಯಿತು. ಚಿತ್ರವನ್ನು ಕಂಡವನಿಗೆ ಅದು ಕಣ್ಣಪ್ಪನ ಕಥೆ. ಕಾಣದವನಿಗೆ ಒಂದು ಭಕ್ತಿಗೀತೆ. ೧೯೮೮ರಲ್ಲಿ 'ಶಿವ ಮೆಚ್ಚಿದ ಕಣ್ಣಪ್ಪ'ದಲ್ಲಿ ರಾಜಕುಮಾರರ ಮಗ ಶಿವರಾಜಕುಮಾರರು ಅದೇ ಪಾತ್ರವನ್ನು ವಹಿಸಿದರು, ಬಾಲಕ ಕಣ್ಣಪ್ಪನಾಗಿ ಪುನೀತ್ ನಟಿಸಿದರು. ತೆಲುಗಿನಲ್ಲಿ ೧೯೭೬ರಲ್ಲಿ ಬಾಪು ಅವರ 'ಭಕ್ತ ಕಣ್ಣಪ್ಪ'ವೂ ೨೦೨೫ರಲ್ಲಿ ಮತ್ತೊಂದು 'ಕಣ್ಣಪ್ಪ'ವೂ ಬಂದವು. ಒಂದು ತಲೆಮಾರಿನ ಹಾಡು ಮುಂದಿನವರಿಗೆ ಕಥೆಯನ್ನು ತಲುಪಿಸಲಾರದೆ ಹೋದಾಗಲೆಲ್ಲ ಯಾರಾದರೊಬ್ಬರು ಅದನ್ನು ಮೊದಲಿನಿಂದ ಹೇಳಬೇಕಾಗಿ ಬಂದಿದೆಯೆಂದು ಇದರಿಂದ ಊಹಿಸಬಹುದು. ಹರಿಕಥೆಯೂ ಸುಮ್ಮನೆ ಕುಳಿತಿರಲಿಲ್ಲ. ಗುರುರಾಜುಲು ನಾಯ್ಡು ಅವರ ಹರಿಕಥೆಗಳು ಕ್ಯಾಸೆಟ್ಟುಗಳಾಗಿ ಕನ್ನಡನಾಡಿನ ಹಳ್ಳಿಹಳ್ಳಿಯನ್ನೂ ಮುಟ್ಟಿದವು. ಕ್ಯಾಸೆಟ್ಟಿನ ಎರಡು ಮಗ್ಗುಲಿನಲ್ಲಿ ತಟ್ಟೆಗಿಂತ ಹೆಚ್ಚು ಸ್ಥಳ ದೊರೆತೊಡನೆ, ಬಿಡಿಸಿ ಹೇಳುವ ಕಥೆ ಮರಳಿ ಬಂದುದನ್ನು ಗಮನಿಸಬೇಕು.

೬

ಇಷ್ಟು ದೂರ ಬಂದ ಮೇಲೆ ನಮ್ಮ ಮನೆಯ ಅಂಗಳಕ್ಕೆ ಬರುವುದು ನ್ಯಾಯ. ಪೆರಂಬೂರು ದುಡಿಮೆಗಾಗಿ ಬಂದವರ ಊರು. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳು ೧೯೯೬ರವರೆಗೆ ಇಲ್ಲಿದ್ದವು, ರೈಲ್ವೆಯ ಕಾರ್ಯಾಗಾರಗಳಿವೆ, ೧೯೫೫ರಲ್ಲಿ ಆರಂಭವಾದ ರೈಲುಗಾಡಿ ತಯಾರಿಕೆಯ ದೊಡ್ಡ ಕಾರ್ಖಾನೆಯಿದೆ. ಈ ಸುತ್ತಿನ ಉತ್ತರ ಚೆನ್ನೈಯಲ್ಲಿ, ದುಡಿಯುವ ಜನರ, ಮುಖ್ಯವಾಗಿ ದಲಿತರ ಕೇರಿಗಳಲ್ಲಿ, 'ಗಾನಾ' ಎಂಬ ಹಾಡಿನ ಪದ್ಧತಿಯೊಂದು ಬೆಳೆದಿದೆ. ಸಾವಿನ ಮನೆಯಲ್ಲಿ ಗಾನಾ ಹಾಡುವವನು ಸತ್ತವನ ಬಾಳನ್ನು ಹಾಡಿನಲ್ಲಿ ಹೇಳುತ್ತಾನೆ. ಅವನಿಗೆ ಪುರಾಣವೂ ಇಲ್ಲ, ಪೂರ್ವಕವಿಯೂ ಇಲ್ಲ. ಸತ್ತವನು ಪ್ರಸಿದ್ಧನಲ್ಲದುದರಿಂದ ಹೆಸರು ಹೇಳಿ ಮುಗಿಸುವಂತಿಲ್ಲ, ಎಲ್ಲವನ್ನೂ ಹೇಳಬೇಕು. ೨೦೧೮ರಲ್ಲಿ ಮೊದಲ ಬಾರಿಗೆ ವೇದಿಕೆಯೇರಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡವು ಈ ಧಾಟಿಯನ್ನು ನಗರದ ದೊಡ್ಡ ಸಭೆಗಳಿಗೆ ಕೊಂಡೊಯ್ದಿತು. ಕಥೆ ಹೇಳುವ ಹಾಡು ಸತ್ತಿತೆನ್ನುವವರು ನಮ್ಮ ಬೀದಿಯ ಕೊನೆಯವರೆಗೆ ನಡೆದು ಹೋಗಿ ಕೇಳಬಹುದು.

ನಮ್ಮ ಕನ್ನಡದ ಮನೆಗಳ ಸ್ಥಿತಿಯಾದರೂ ಏನು? ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಕಿವಿಯ ಭಾಷೆ; ಅಕ್ಷರ ಬಲ್ಲವರು ಕೆಲವರು. ಮನೆಯಲ್ಲಿ ಕಥೆ ಹೇಳುತ್ತಿದ್ದ ಅಜ್ಜಿಯರು ಊರಿನಲ್ಲಿ ಉಳಿದರು. ಹೊರನಾಡಿನ ಸಂಘಗಳು ಈ ಮಕ್ಕಳಿಗೆಂದು ಸಾಮಾನ್ಯವಾಗಿ ಏರ್ಪಡಿಸುವುದು ದೇವರನಾಮದ ಸ್ಪರ್ಧೆ ಮತ್ತು ಚಿತ್ರಗೀತೆಗಳ ಸಂಜೆ. ಎರಡೂ ಒಳ್ಳೆಯವೇ. ಆದರೆ ಮೇಲೆ ಹೇಳಿದ ಮಾನದಂಡದಿಂದ ಅಳೆದರೆ ಎರಡೂ ಬಲ್ಲವರಿಗಾಗಿ ಹುಟ್ಟಿದ ರೂಪಗಳು. ಕಥೆಯನ್ನು ಅರಿಯದ ಮಗುವಿನ ಕೈಗೆ ನಾವು ನೆನಪಿನ ಕೀಲಿಕೈಯನ್ನು ಕೊಡುತ್ತಿದ್ದೇವೆ. ತೆರೆಯಬೇಕಾದ ಪೆಟ್ಟಿಗೆಯನ್ನು ಕೊಟ್ಟಿಲ್ಲ. ಮಗು ಶ್ರುತಿಶುದ್ಧವಾಗಿ ಹಾಡಿ ಬಹುಮಾನ ಪಡೆಯುತ್ತದೆ. ಹಾಡಿದ್ದು ಯಾರ ಕಥೆಯೆಂದು ಕೇಳಿದರೆ ತಾಯಿಯ ಮುಖ ನೋಡುತ್ತದೆ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ.

ಇದಕ್ಕೆ ಪರಿಹಾರ ನಮ್ಮ ಪರಂಪರೆಯಲ್ಲಿಯೇ ಸಿದ್ಧವಾಗಿದೆ. ಒಬ್ಬರು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನಿಸುವ ಗಮಕದ ಏರ್ಪಾಡು ಅರ್ಧ ಗಂಟೆಯ ಅವಕಾಶದಲ್ಲಿಯೂ ನಡೆಯಬಲ್ಲದು. ಹರಿಹರನ ರಗಳೆಯ ನಾಲ್ವತ್ತು ಐವತ್ತು ಸಾಲು, ಅದರ ಹಿಂದೆಮುಂದೆ ಕಥೆಯ ಬಿಡಿಸುವಿಕೆ, ಕೊನೆಯಲ್ಲಿ ಅದೇ ಕಥೆಗೆ ಸೇರಿದ ಒಂದು ಪದ ಅಥವಾ ಚಿತ್ರಗೀತೆ, ಇಷ್ಟನ್ನು ಒಂದು ಸಂಜೆಗೆ ಹೊಂದಿಸುವುದು ಕಷ್ಟವಲ್ಲ. ಸ್ಪರ್ಧೆಯನ್ನು ಬಿಡಲಾಗದಿದ್ದರೆ, ಪದವನ್ನು ಹಾಡಿದ ಮಗು ಅದರ ಕಥೆಯನ್ನು ಎರಡು ನಿಮಿಷ ತನ್ನ ಮಾತಿನಲ್ಲಿ ಹೇಳಲಿ; ಕಂಠಕ್ಕೆ ಇರುವಷ್ಟೇ ಅಂಕ ಅದಕ್ಕೂ ಇರಲಿ.

ವ್ಯಾಖ್ಯಾನವು ಯಾವ ಭಾಷೆಯಲ್ಲಿರಬೇಕೆಂಬ ಪ್ರಶ್ನೆ ಇಲ್ಲಿ ಏಳದೆ ಇರದು. ಕನ್ನಡದ ವೇದಿಕೆಯಲ್ಲಿ ತಮಿಳಿನ ಮಾತು ನುಸುಳಿದರೆ ಸಂಘದ ಉದ್ದೇಶವೇ ಕೆಟ್ಟಂತೆ ಎಂದು ಹಿರಿಯರು ಆತಂಕಪಡುವುದು ಸಹಜ. ಹೊರನಾಡಿನಲ್ಲಿ ಭಾಷೆಯನ್ನು ಕಾಯುವವರಿಗೆ ಆ ಎಚ್ಚರ ಇರಲೇಬೇಕು. ಆದರೂ ನಮ್ಮ ಅಭಿಪ್ರಾಯ ಬೇರೆ. ವಾಚನವು ಹರಿಹರನ ಕನ್ನಡದಲ್ಲಿಯೇ ನಡೆಯಲಿ, ಅದರಲ್ಲಿ ಒಂದಕ್ಷರವೂ ಸಡಿಲವಾಗದಿರಲಿ. ವ್ಯಾಖ್ಯಾನವು ಮಕ್ಕಳಿಗೆ ತಿಳಿಯುವ ಆಡುಗನ್ನಡದಲ್ಲಿ, ಅಗತ್ಯವಾದೆಡೆಯಲ್ಲಿ ಒಂದೆರಡು ತಮಿಳು ಮಾತಿನ ನೆರವಿನೊಡನೆ ನಡೆಯಲಿ. ತಿಣ್ಣನೆಂಬ ತಮಿಳು ಬೇಡನನ್ನು ಕನ್ನಡದ ಕಣ್ಣಪ್ಪನನ್ನಾಗಿ ಮಾಡಿದ ಕವಿಯ ವಂಶದವರು ನಾವು. ಭಾಷೆಯ ಗಡಿಯನ್ನು ದಾಟಿ ಬಂದ ಕಥೆಯನ್ನು ಹೇಳುವಾಗ ಆ ಗಡಿಗೆ ಹೆದರಬೇಕಾದ ಕಾರಣವಿಲ್ಲ. ಕಥೆ ತಿಳಿದ ಮಗುವಿಗೆ ಮುಂದೊಂದು ದಿನ ಪದ್ಯದ ಭಾಷೆಯೂ ಬೇಕೆನಿಸಬಹುದು. ಕಥೆಯೇ ತಿಳಿಯದ ಮಗುವಿಗೆ ಅದು ಬೇಕೆನಿಸುವ ಸಂದರ್ಭವೇ ಒದಗುವುದಿಲ್ಲ.

ಸುಂದರರು ಹೆಸರನ್ನು ಮಾತ್ರ ಹಾಡಿದರು. ಅವರ ಮುಂದೆ ಕುಳಿತವರಿಗೆ ಅಷ್ಟು ಸಾಕಾಗಿತ್ತು. ಸೇಕ್ಕಿಳಾರನೂ ಹರಿಹರನೂ ಮೊದಲಿನಿಂದ ಹೇಳಿದರು. ಅವರ ಮುಂದೆ ಕುಳಿತವರಿಗೆ ಅದು ಬೇಕಾಗಿತ್ತು. ನಮ್ಮ ಮುಂದೆ ಈಗ ಕುಳಿತಿರುವವರು ಯಾರೆಂಬುದನ್ನು ನಿರ್ಧರಿಸಿಕೊಂಡು ಮುಂದಿನ ವರ್ಷದ ಕಾರ್ಯಕ್ರಮದ ಪಟ್ಟಿಯನ್ನು ಹಾಕುವುದು ಒಳಿತೆಂದು ವಾಚಕರಲ್ಲಿಯೂ ಸಂಘದ ಕಾರ್ಯಕರ್ತರಲ್ಲಿಯೂ ನಮ್ಮ ವಿನಂತಿ.